ಇಗರ್ಜಿ ಶಾಲೆಯ ಹಂಚಿನ ಲೆಕ್ಕ

ಕಳೆದ ವರ್ಷ ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಫೋನ್ ಮಾಡಿದರು. "ಎಂಟನೇ ಕ್ಲಾಸಿನ ಮಾಡು ಕುಸಿದಿದೆ. ನೀವೊಮ್ಮೆ ಬನ್ನಿ" ಎಂದಷ್ಟೇ ಹೇಳಿ ಇಟ್ಟರು. ಮಾಡು ಎಂದರೆ ನಮ್ಮ ಕಡೆ ಛಾವಣಿ. ನಾನು ಡೈರಿಯಲ್ಲಿ ಹಾಲು ಅಳೆಯುತ್ತಿದ್ದೆ. ಉಳಿದ ಕ್ಯಾನುಗಳನ್ನು ಪರೀಕ್ಷಕ ಹುಡುಗನಿಗೆ ಒಪ್ಪಿಸಿ ಕೊಡೆ ಹಿಡಿದು ಓಡಿದೆ.

ಹಿಂದಿನ ಸಂಜೆಯೇ ಜಿಲ್ಲಾಧಿಕಾರಿಗಳು ರೆಡ್ ಅಲರ್ಟ್ ಎಂದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮಕ್ಕಳು ಬರುವ ದಿನವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಈಗಲೂ ಪೂರ್ತಿ ಯೋಚಿಸಲಾರೆ. ಹಂಚು ಹೊರುವ ಮರದ ಪಕಾಸುಗಳು ಗೆದ್ದಲು ತಿಂದು ನಡುವೆ ಮುರಿದು ಬೆಂಚುಗಳ ಮೇಲೆ ಅಡ್ಡಡ್ಡ ಬಿದ್ದಿದ್ದವು. ಸುತ್ತ ಹಂಚಿನ ಚೂರು. ಕರಿಹಲಗೆಯ ಮೇಲೆ ಹಿಂದಿನ ದಿನದ ತಾರೀಕು ಮತ್ತು ಸವರ್ಣದೀರ್ಘ ಸಂಧಿಯ ಎರಡು ಉದಾಹರಣೆಗಳು ಅರ್ಧ ಅಳಿಸಿ ನಿಂತಿದ್ದವು. ಗೋಡೆಯ ಕೆಂಪು ಕಲ್ಲಿನ ಮೇಲೆ ನೀರು ಇಳಿಯುತ್ತಿತ್ತು. ಸಿಸ್ಟರ್ ಜಗಲಿಯಲ್ಲಿ ಹಾಜರಿ ಪುಸ್ತಕಗಳನ್ನು ಎದೆಗೊತ್ತಿ ಹಿಡಿದು ನಿಂತಿದ್ದರು. "ಪುಸ್ತಕ ಒದ್ದೆಯಾಗಲಿಲ್ಲ" ಎಂದರು. ಅಷ್ಟರಲ್ಲೇ ಅವರ ಕಣ್ಣು ತುಂಬಿತು.

ಇದು ದಕ್ಷಿಣ ಕನ್ನಡದ ಒಂದು ಹಳ್ಳಿಯ ಹೈಸ್ಕೂಲು. ಕಾಗದದಲ್ಲಿ ಸಂತರೊಬ್ಬರ ಹೆಸರಿದೆ. ಊರಿನವರಿಗೆ ಮಾತ್ರ ಅದು ಇಗರ್ಜಿ ಶಾಲೆ, ಅಂದರೆ ಚರ್ಚಿನ ಶಾಲೆ. ಇಗರ್ಜಿಯ ಮುಖ್ಯ ಪಾದ್ರಿ, ವಿಗಾರ್ ಫಾದರ್, ಸಂಚಾಲಕರು. ನಾನು ಇಗರ್ಜಿಯವಳಲ್ಲ, ನಮ್ಮ ಮನೆ ದೈವಸ್ಥಾನದ ಹಿಂದಿನ ಕಂಬಳಗದ್ದೆಯ ಬದಿಯಲ್ಲಿದೆ. ಆದರೆ ಎಂಟರಿಂದ ಹತ್ತರವರೆಗೆ ಓದಿದ್ದು ಇಲ್ಲೇ, ಎಸ್ಸೆಸ್ಸೆಲ್ಸಿ ಮುಗಿಸಿದ್ದು 1987ರಲ್ಲಿ. ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿಯಾಗಿ ಇಪ್ಪತ್ತೆರಡು ವರ್ಷ ಲೀಟರು, ಫ್ಯಾಟು, ರೂಪಾಯಿ ಬರೆದ ಕೈ ಎಂದು ಹಳೆ ವಿದ್ಯಾರ್ಥಿ ಸಂಘದವರು ನನ್ನನ್ನು ಖಜಾಂಚಿ ಮಾಡಿದ್ದರು. ಆವರೆಗೆ ಆ ಖಜಾನೆಯಲ್ಲಿ ಸ್ಕೂಲ್ ಡೇಗೆ ಬಹುಮಾನ ಕೊಳ್ಳುವಷ್ಟು ಹಣ ಇದ್ದರೆ ದೊಡ್ಡದು.

ಅನುದಾನಿತ ಶಾಲೆ ಎಂದರೆ ಎಲ್ಲವನ್ನೂ ಸರಕಾರ ನೋಡಿಕೊಳ್ಳುತ್ತದೆ ಎಂದು ಹೊರಗಿನವರು ತಿಳಿದಿದ್ದಾರೆ. ಸರಕಾರ ಕೊಡುವುದು ಮಂಜೂರಾದ ಹುದ್ದೆಗಳ ಸಂಬಳ. ಕಟ್ಟಡ ಆಡಳಿತ ಮಂಡಳಿಯದು. ಮಾಸ್ಟ್ರೊಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಅನುಮತಿ ಸಿಗುವುದು ಯಾವಾಗಲೋ, ಅಲ್ಲಿಯವರೆಗೆ ಗೌರವ ಶಿಕ್ಷಕರಿಗೆ ಸಂಬಳ ಕೊಡಬೇಕಾದದ್ದೂ ಆಡಳಿತ ಮಂಡಳಿಯೇ. ನಮ್ಮ ಶಾಲೆಯಲ್ಲಿ ಆಗ ಅಂಥವರು ಮೂರು ಜನ. ಇಗರ್ಜಿಯ ಕಾಣಿಕೆಯಿಂದ ಅವರ ಸಂಬಳ ಹೊಂದಿಸುವುದರಲ್ಲೇ ಫಾದರ್ ಸೋತಿದ್ದರು. ಹೀಗಾಗಿ ಪ್ರತಿ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದು, ಒಡೆದದ್ದನ್ನು ಬದಲಿಸುವುದು, ಅಷ್ಟರಲ್ಲೇ ವರ್ಷಗಳು ಕಳೆದಿದ್ದವು. ಪಕಾಸಿನೊಳಗೆ ಗೆದ್ದಲು ಏನು ಮಾಡುತ್ತಿದೆ ಎಂದು ಯಾರೂ ಕೊರೆದು ನೋಡಿರಲಿಲ್ಲ. ಖಜಾಂಚಿಯಾಗಿ ನಾನೂ ಕೇಳಿರಲಿಲ್ಲ.

ಎಂಜಿನಿಯರ್ ಬಂದು ನೋಡಿ ಆರು ಕೋಣೆಗಳ ಮಾಡನ್ನೂ ಇಳಿಸಬೇಕು ಎಂದರು. ಕಟ್ಟಡ ಸುರಕ್ಷಿತ ಎಂಬ ಪತ್ರ ಇಲ್ಲದಿದ್ದರೆ ಶಾಲೆಯ ಮಾನ್ಯತೆ ನವೀಕರಣವೂ ಆಗುವುದಿಲ್ಲ. ಆ ಮಳೆಗಾಲವಿಡೀ ಮಕ್ಕಳು ಇಗರ್ಜಿಯ ಸಭಾಭವನದಲ್ಲಿ ಕುಳಿತರು. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗಳ ನಡುವೆ ಕಟ್ಟಿದ್ದು ಮದುವೆಯ ಪರದೆ. ಒಂದು ಕಡೆ ಪೈಥಾಗೊರಸ್, ಇನ್ನೊಂದು ಕಡೆ ಹಿಂದಿ ಪದ್ಯ.

ಆಗಸ್ಟಿನ ಮೊದಲ ಸಭೆಯಲ್ಲಿ ಹಣದ ಮಾತಿಗಿಂತ ಮುಂಚೆ ಬೇರೆ ಪ್ರಶ್ನೆ ಎದ್ದಿತು. ನಮ್ಮದೇ ಬ್ಯಾಚಿನ ಒಬ್ಬರು ಎದ್ದು ನಿಂತು, "ಮಕ್ಕಳೇ ಇಲ್ಲದ ಶಾಲೆಗೆ ಮಾಡು ಯಾಕೆ ಮಾರಾಯ್ರೇ? ನಾವೆಲ್ಲ ನಮ್ಮ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿನ ವ್ಯಾನ್ ಹತ್ತಿಸಿದವರು" ಎಂದರು. ಸಭೆ ಸುಮ್ಮನಾಯಿತು. ನಾನು ಓದುವಾಗ ನಾನೂರು ಮಕ್ಕಳಿದ್ದರು, ಈಗ 126. ಅವರು ಹೇಳಿದ್ದು ಸುಳ್ಳಲ್ಲ, ನನ್ನ ಮಗನೂ ಆ ವ್ಯಾನಿನಲ್ಲೇ ಹೋದವನು. ಆಗ ಸಿಸ್ಟರ್ ಹಾಜರಿ ಪುಸ್ತಕ ತೆರೆದು ಮಕ್ಕಳ ಮನೆಯವರು ಮಾಡುವ ಕೆಲಸ ಒಂದೊಂದಾಗಿ ಓದಿದರು. ಬೀಡಿ ಕಟ್ಟುವವರು, ಗೋಡಂಬಿ ಕಾರ್ಖಾನೆಗೆ ಹೋಗುವವರು, ದೋಣಿಯವರು, ರಬ್ಬರ್ ಟ್ಯಾಪಿಂಗಿನವರು. ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದು ಇಲ್ಲೇ ಬಿಡಾರ ಹೂಡಿದ ಮನೆಗಳ ಮಕ್ಕಳೇ ಮೂವತ್ತಕ್ಕೂ ಹೆಚ್ಚು. "ವ್ಯಾನಿಗೆ ದುಡ್ಡಿಲ್ಲದವರು ಇವರು. ಇವರ ಮನೆಯಿಂದ ಇನ್ನೊಂದು ಹೈಸ್ಕೂಲು ಒಂಬತ್ತು ಕಿಲೋಮೀಟರ್" ಎಂದು ಪುಸ್ತಕ ಮುಚ್ಚಿದರು. ಪ್ರಶ್ನೆ ಕೇಳಿದವರು ಮೊದಲ ಹತ್ತು ಸಾವಿರ ಬರೆಸಿದರು. ರಶೀದಿ ನಂಬರ್ 1 ಅವರದು.

ಮಾಡು ಯಾವುದು ಎಂಬುದಕ್ಕೆ ಮತ್ತೆ ಎರಡು ಸಭೆ ಹಿಡಿಯಿತು. ಟೆರೇಸ್ ಹಾಕಲು ಹಳೆಯ ಗೋಡೆ ತಡೆಯುವುದಿಲ್ಲ. ಶೀಟು ಹಾಕಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ. ಹೆಚ್ಚಿನವರು ಶೀಟಿನ ಕಡೆಗೇ ಇದ್ದರು. ನಿವೃತ್ತ ಕನ್ನಡ ಮಾಸ್ಟ್ರು ಕೋಲೂರಿಕೊಂಡು ಬಂದಿದ್ದರು, ವಯಸ್ಸು ಎಂಬತ್ತು ದಾಟಿದೆ. "ಜೂನ್, ಜುಲೈಯಲ್ಲಿ ಶೀಟಿನ ಕೆಳಗೆ ನಿಂತು ಪಾಠ ಮಾಡಿ ನೋಡಿ. ಎರಡನೇ ಬೆಂಚಿನವನಿಗೆ ನಿಮ್ಮ ಬಾಯಿ ಆಡುವುದು ಮಾತ್ರ ಕಾಣುತ್ತದೆ" ಎಂದರು. ನಮ್ಮ ಕರಾವಳಿಯ ಮಳೆ ಬಲ್ಲವರಿಗೆ ಬೇರೆ ವಿವರಣೆ ಬೇಕಿಲ್ಲ. ಕೊನೆಗೆ ಮರದ ಬದಲು ಕಬ್ಬಿಣದ ಪೈಪು, ಮೇಲೆ ಹಂಚು ಎಂದಾಯಿತು. ಅರವತ್ತು ಚದರ ಮಾಡು (ಒಂದು ಚದರ ಎಂದರೆ ನೂರು ಚದರ ಅಡಿ), ಚದರಕ್ಕೆ 40,000ದಂತೆ ಅಂದಾಜು 24 ಲಕ್ಷ.

ಮನವಿ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ರಾತ್ರಿ ಕುಳಿತು ಬರೆದೆ. ಜ್ಞಾನದೇಗುಲ, ಅಕ್ಷರದ ಆಲಯ, ಉದಾರ ಹೃದಯದ ದಾನಿಗಳು, ಯಾವ ಪದವನ್ನೂ ಬಿಟ್ಟಿರಲಿಲ್ಲ. 600 ಪ್ರತಿ ಹಂಚಿದೆವು, ವಾಟ್ಸಾಪಿನಲ್ಲೂ ಕಳುಹಿಸಿದೆವು. ಮೂರು ವಾರ ಕಳೆದರೂ ಬಂದದ್ದು 1,12,600. ಮಾಸ್ಟ್ರ ಮನೆಗೆ ಹೋಗಿ ಬೇಸರ ಹೇಳಿಕೊಂಡೆ. ಅವರು ಕನ್ನಡಕ ಹಾಕಿ ಪತ್ರವನ್ನು ಎರಡು ಸಲ ಓದಿದರು. "ಇದರಲ್ಲಿ ನಮ್ಮ ಶಾಲೆ ಎಲ್ಲುಂಟು ಮಗಾ?" ಎಂದು ಕೇಳಿದರು. ಹೈಸ್ಕೂಲಿನಲ್ಲಿ ಪ್ರಬಂಧ ವಾಪಸು ಕೊಡುವಾಗಿನ ಅದೇ ಸ್ವರ. ಹಳೆಯ ವಿದ್ಯಾರ್ಥಿಗಳ ಪಟ್ಟಿ ಮೊದಲು ಮಾಡು, ಒಬ್ಬೊಬ್ಬರಿಗೂ ಅವರು ಕುಳಿತ ಕೋಣೆ ಯಾವುದು, ಅದಕ್ಕೆ ಏನಾಗಿದೆ ಎಂದು ಬರೆ ಎಂದರು.

ಹಾಗಾಗಿ ಶಾಲೆಯ ಹಳೆಯ ದಾಖಲೆಗಳ ಕಪಾಟು ತೆರೆದೆ. ಡೈರಿ ಕೆಲಸ ಮುಗಿಸಿ ದಿನವೂ ಹತ್ತರಿಂದ ಒಂದರವರೆಗೆ ದಾಖಲಾತಿ ಪುಸ್ತಕಗಳನ್ನು ನಕಲು ಮಾಡುವುದು. ಊರು, ತಂದೆಯ ಹೆಸರು, ಮನೆಯ ಹೆಸರು. ಆ ಮನೆಹೆಸರುಗಳಿಂದಲೇ ಎಷ್ಟೋ ಜನರನ್ನು ಪತ್ತೆ ಹಚ್ಚಿದೆವು. ಒಂದು ದಿನ ಆ ಪುಸ್ತಕಗಳ ನಡುವೆ ತೆಳ್ಳಗಿನ ಒಂದು ಲೆಕ್ಕದ ವಹಿ ಸಿಕ್ಕಿತು. ಮೇಲೆ 'ಬಡ ಮಕ್ಕಳ ನಿಧಿ' ಎಂದಿತ್ತು. 1984ರ ಪುಟದಲ್ಲಿ ಜಮೆಯ ಬದಿಯಲ್ಲಿ ಒಂದು ಸಾಲು: ಮೊಂತಿ ಹಬ್ಬದ ಏಲಂ, ರೂ. 212. ಇಗರ್ಜಿಯವರ ತೆನೆ ಹಬ್ಬದ ಹರಾಜು ಅದು. ಖರ್ಚಿನ ಬದಿಯಲ್ಲಿ ಏಳು ಮಕ್ಕಳ ಹೆಸರು, ಪುಸ್ತಕ ಮತ್ತು ಸಮವಸ್ತ್ರದ ಬಾಬ್ತು. ಐದನೆಯ ಹೆಸರು ನನ್ನದು.

ಅಮ್ಮ ಬೀಡಿ ಕಟ್ಟುತ್ತಿದ್ದರು. ಆ ವರ್ಷ ಜೂನಿನಲ್ಲಿ ನನಗೆ ನೀಲಿ ಲಂಗ, ಬಿಳಿ ರವಿಕೆ, ಪುಸ್ತಕದ ಕಟ್ಟು ಹೇಗೆ ಬಂತು ಎಂದು ನಾನು ಕೇಳಿದ್ದಿಲ್ಲ. ಅಮ್ಮ ಸಾಲ ಮಾಡಿರಬೇಕು ಎಂದುಕೊಂಡಿದ್ದೆ. ಜೂನಿನಲ್ಲಿ ಕೊಟ್ಟ ಹಣ ಸೆಪ್ಟೆಂಬರಿನ ಹಬ್ಬದಲ್ಲಿ ತುಂಬಿ ಬಂದಿತ್ತು, ನಡುವಿನ ಮೂರು ತಿಂಗಳು ಯಾರ ಕೈಯಿಂದ ಹೋಗಿತ್ತೋ ವಹಿಯಲ್ಲಿಲ್ಲ. ಅಂದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆ ಪುಟವನ್ನು ನಾನು ಯಾರಿಗೂ ತೋರಿಸಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಹೇಳಿದಾಗ, "ಗೊತ್ತುಂಟು. ಸಿಸ್ಟರ್ ಯಾರಿಗೂ ಹೇಳಬೇಡಿ ಎಂದಿದ್ದರು" ಎಂದು ಎಲೆ ಕತ್ತರಿಸುವುದನ್ನು ಮುಂದುವರಿಸಿದರು.

ಆಮೇಲೆ ನಾನು ಬರೆದ ಪತ್ರಗಳಲ್ಲಿ ದೇಗುಲ, ಆಲಯ ಬರಲಿಲ್ಲ. ತಿಂಗಳಿಗೊಂದು ಹಾಳೆ. ಒಂದು ಬದಿಯಲ್ಲಿ ಶಾಲೆಯ ಸುದ್ದಿ: ಕಬಡ್ಡಿಯಲ್ಲಿ ಹುಡುಗಿಯರು ತಾಲೂಕಿಗೆ ಗೆದ್ದದ್ದು, ಪರದೆಯಾಚೆ ನಡೆದ ಕಿರುಪರೀಕ್ಷೆ, ಗಣಿತ ಟೀಚರ್ ಹೆರಿಗೆ ರಜೆಗೆ ಹೋದದ್ದು, ಅಕ್ಷರ ದಾಸೋಹದ ಅಡುಗೆಯವರು ಬಸಳೆ ಬೆಳೆಸಿದ್ದು. ಇನ್ನೊಂದು ಬದಿಯಲ್ಲಿ ಲೆಕ್ಕ: ಕೊಟ್ಟವರ ಹೆಸರು, ಮೊತ್ತ, ರಶೀದಿ ನಂಬರ್, ಬ್ಯಾಂಕಿನಲ್ಲಿರುವುದೆಷ್ಟು, ಎಷ್ಟು ಚದರಕ್ಕೆ ಹಣ ಆಯಿತು, ಎಷ್ಟು ಬಾಕಿ. 500 ಕೊಟ್ಟವರ ಹೆಸರಿನ ಮುಂದೆ 'ಹತ್ತು ಹಂಚು' ಎಂದು ಬರೆಯುತ್ತಿದ್ದೆ. ಫಾದರ್ ಅದನ್ನು ಭಾನುವಾರದ ಪೂಜೆಯ ನಂತರ ಕೊಂಕಣಿಯಲ್ಲಿ ಓದಿದರು. ಮಸೀದಿಯ ಪಕ್ಕದ ಮೀನಿನ ಅಂಗಡಿ, ನಮ್ಮ ಡೈರಿ, ಸಹಕಾರಿ ಸಂಘ, ಭಜನಾ ಮಂದಿರ ಎಲ್ಲ ಕಡೆ ಅಂಟಿಸಿದೆವು. ಡೈರಿಗೆ ಬರುವವರು ಹಾಲು ಅಳೆಯುವವರೆಗೆ ಹಾಳೆಯ ಮುಂದೆ ನಿಂತು ಬೆರಳಿಟ್ಟು ಓದುವುದನ್ನು ನಾನೇ ನೋಡಿದ್ದೇನೆ. ಬೀಡಿ ಕಟ್ಟುವ ಅಕ್ಕಂದಿರು ವಾರದ ಮಜೂರಿ ಸಿಕ್ಕ ದಿನ 100, 200 ತಂದುಕೊಡಲು ಶುರು ಮಾಡಿದರು. ಎರಡು ಹಂಚು, ನಾಲ್ಕು ಹಂಚು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಬಗ್ಗೆ ಹೇಳಲೇಬೇಕು. ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ಎರಚಿ ಹಾಡುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುವುದು, ಮಕ್ಕಳಿಗೆ ಕಬ್ಬು, ಮನೆಯಲ್ಲಿ ಬರೀ ತರಕಾರಿಯ ಊಟ. ನಮ್ಮಲ್ಲಿ ಮನೆ ತುಂಬಿಸುವ ಹಬ್ಬ ಹೇಗೋ, ಅವರಿಗೆ ಇದು ಹಾಗೆ. ಪೂಜೆಯ ನಂತರ ಅಂಗಳದಲ್ಲಿ ಏಲಂ. ಜನ ತಮ್ಮ ಹಿತ್ತಲಿನ ಮೊದಲ ಫಲ ತಂದಿದ್ದರು. ಹೀರೆ, ಮುಳ್ಳುಸೌತೆ, ಹರಿವೆ ಕಟ್ಟು, ಒಂದು ಹುಂಜ. ಈ ಸಲದ ಹಣ ಮಾಡಿಗೆ ಎಂದು ಫಾದರ್ ಸಾರಿದ್ದರು. ಒಂದು ಕದಳಿ ಗೊನೆಗೆ ಇಗರ್ಜಿಯ ವಾಡೆಯ ಮುಖಂಡರಾದ ಗುರ್ಕಾರರು 300ರಿಂದ ಕೂಗಿದರು. ರಿಕ್ಷಾ ಸ್ಟ್ಯಾಂಡಿನವರೆಲ್ಲ ಸೇರಿ 4,000ಕ್ಕೆ ಹಿಡಿದು, ಗೊನೆ ಎತ್ತಿಕೊಂಡು ಹೋಗುವ ಬದಲು ಮತ್ತೆ ಮೇಜಿನ ಮೇಲಿಟ್ಟರು. "ಪುನಃ ಕೂಗಿ!" ಎರಡನೇ ಸಲ 5,500. ಅವರೂ ತಿರುಗಿ ಇಟ್ಟರು. ನಾಲ್ಕು ಸಲ ಮಾರಾಟವಾದ ಆ ಗೊನೆ ಕೊನೆಗೆ ಮಕ್ಕಳ ಮಧ್ಯಾಹ್ನದ ಊಟಕ್ಕೆ ಹೋಯಿತು. ನಾನು ಮೇಜಿನ ಹಿಂದೆ ಕುಳಿತು ಬರೆಯುತ್ತಿದ್ದೆ. 86,450 ಎಂದು ಕೆಳಗೆ ಗೆರೆ ಎಳೆಯುವಾಗ ಆ 212 ರೂಪಾಯಿಯ ಸಾಲು ಕಣ್ಣ ಮುಂದೆ ಇತ್ತು.

ಇನ್ನು ನಾನು ಮಾಡಿದ ತಪ್ಪು. ಮೊದಲ ವಾರಗಳಲ್ಲಿ ಜನ ಅವಸರ ಮಾಡುತ್ತಾರೆ ಎಂದು ನನ್ನದೇ ಮೊಬೈಲ್ ನಂಬರಿಗೆ ಹಣ ಹಾಕಿಸಿಕೊಂಡೆ. 47 ಜನರ ಹಣ. ಅಷ್ಟನ್ನೂ ಬರೆದಿಟ್ಟಿದ್ದೆ, ಒಂದು ರೂಪಾಯಿ ಆಚೀಚೆ ಆಗಿರಲಿಲ್ಲ. ಲೆಕ್ಕಪರಿಶೋಧಕರು ನೋಡಿದವರೇ ಕಾಗದ ಮುಚ್ಚಿ, "ಇದು ನಿಮ್ಮ ಆದಾಯವೋ ಶಾಲೆಯದೋ ಎಂದು ನಾಳೆ ಇಲಾಖೆ ಕೇಳಿದರೆ ಬಾಯಿಮಾತು ನಡೆಯುವುದಿಲ್ಲ" ಎಂದರು. ಅವತ್ತೇ ಪೂರ್ತಿ ಮೊತ್ತವನ್ನು ಆಡಳಿತ ಮಂಡಳಿಯ ಖಾತೆಗೆ ವರ್ಗಾಯಿಸಿ, 47 ಜನರಿಗೂ ಫೋನ್ ಮಾಡಿ ಹೊಸ ರಶೀದಿ ಕೊಟ್ಟೆ. ಇಂಥ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಸಂಸ್ಥೆಯ ಖಾತೆಯ ಕ್ಯೂಆರ್ ಮಾಡಿಸಿಕೊಳ್ಳಿ ಎಂದು ಕೈಮುಗಿದು ಹೇಳುತ್ತೇನೆ. ದೇಣಿಗೆಗೆ ಸಿಗುವ ಆದಾಯ ತೆರಿಗೆಯ 80ಜಿ ವಿನಾಯಿತಿ ಕೇಳಿದವರಿಗೆ ಆಗಿನ ಕಾಯ್ದೆಯಂತೆ ಅವರ ಪ್ಯಾನ್ ನಂಬರ್ ಬೇಕಿತ್ತು, 2,000ಕ್ಕಿಂತ ಹೆಚ್ಚಿನ ನಗದಿಗೆ ಆ ವಿನಾಯಿತಿ ಇರಲಿಲ್ಲ. ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆ 10ಬಿಡಿ ಎಂಬ ನಮೂನೆಯಲ್ಲಿ ದೇಣಿಗೆಗಳ ವಿವರ ಸಲ್ಲಿಸಬೇಕಿತ್ತು, ಆಗ ದಾನಿಗೆ 10ಬಿಇ ಎಂಬ ದೇಣಿಗೆ ಪ್ರಮಾಣಪತ್ರ ಸಿಗುತ್ತಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಇದರ ಪ್ರಯೋಜನವೇ ಇಲ್ಲ ಎನ್ನುವುದನ್ನೂ ಮೊದಲೇ ಹೇಳಿಬಿಡಬೇಕು, ಆಮೇಲೆ ಮನಸ್ತಾಪ ಬೇಡ.

ಗಲ್ಫಿನವರ ಹಣ ಬೇರೆಯೇ ಪಾಠ. ನಮ್ಮ ಶಾಲೆಯ ಹಳಬರು ದುಬಾಯಿ, ಕುವೈಟ್, ಮಸ್ಕತ್, ಕತಾರ್ ಎಲ್ಲ ಕಡೆ ಇದ್ದಾರೆ. ಅವರು ತಮ್ಮಲ್ಲೇ ಒಬ್ಬೊಬ್ಬರು ಒಂದೊಂದು ಚದರ ಹಿಡಿದುಕೊಂಡರು. ವಿದೇಶದಿಂದ ಬರುವ ಹಣ ಎಂದರೆ ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ ಎದುರಾಗುತ್ತದೆ, ನಮ್ಮ ಮಂಡಳಿಗೆ ಆ ನೋಂದಣಿ ಇಲ್ಲ. ನೋಂದಣಿ ಇರುವ ಸಂಸ್ಥೆಗಳೂ ಈಗ ವಿದೇಶಿ ದೇಣಿಗೆಯನ್ನು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು, 2020ರ ತಿದ್ದುಪಡಿ ಹಾಗಿದೆ. ಆದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ದುಡಿಯುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅದಕ್ಕೆ ಒಬ್ಬೊಬ್ಬರಿಂದಲೂ ಪಾಸ್‌ಪೋರ್ಟಿನ ಪ್ರತಿ ಕೇಳಬೇಕಾಯಿತು. ಕುವೈಟಿನ ಅಣ್ಣನೊಬ್ಬರು, "ಹಣ ಕೊಡುವವನಿಂದಲೇ ಪುರಾವೆ ಕೇಳುತ್ತೀರಾ ತಂಗೀ?" ಎಂದು ನೊಂದುಕೊಂಡರು. ಶುಕ್ರವಾರ ಅವರಿಗೆ ರಜೆ ಎಂದು ಅಂದೇ ಫೋನ್ ಮಾಡಿ, ಮುಕ್ಕಾಲು ಗಂಟೆ ಕಾಯ್ದೆ ವಿವರಿಸಿದೆ. ಸಂಜೆ ಪಾಸ್‌ಪೋರ್ಟ್ ಪ್ರತಿ ಬಂತು, ಜೊತೆಗೆ ಇನ್ನೂ ಆರು ಜನರದು.

ಅತ್ಯಂತ ಕಷ್ಟವಾದದ್ದು ನನ್ನದೇ ಬೆಂಚಿನ ಗೆಳತಿಗೆ ಬೇಡ ಎನ್ನುವುದು. ಕೆನಡಾದಲ್ಲಿ ನರ್ಸ್, ಅಲ್ಲಿನ ಪೌರತ್ವ ಪಡೆದು ವರ್ಷಗಳಾಗಿವೆ. ಎರಡು ಲಕ್ಷ ಕೊಡುತ್ತೇನೆ ಎಂದಳು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಕಾಯ್ದೆಯ ಕಣ್ಣಿಗೆ ಅವಳು ವಿದೇಶಿ. "ಅಣ್ಣನ ಖಾತೆಗೆ ಹಾಕಿ ಅಲ್ಲಿಂದ ಕೊಡಿಸಲಾ?" ಎಂದಳು. ಸುತ್ತು ದಾರಿಯೂ ಬೇಡ ಎಂದು ಲೆಕ್ಕಪರಿಶೋಧಕರು ಖಡಾಖಂಡಿತ ಹೇಳಿದ್ದರು. ಎರಡು ಲಕ್ಷ ಎಂದರೆ ನಮಗೆ ಐದು ಚದರ. ಫೋನಿನಲ್ಲಿ ಇಬ್ಬರೂ ಅತ್ತೆವು. ಡಿಸೆಂಬರಿನಲ್ಲಿ ರಜೆಗೆ ಬಂದವಳು ಮಕ್ಕಳಿಗೆ ಮೂರು ದಿನ ಪ್ರಥಮ ಚಿಕಿತ್ಸೆ ಕಲಿಸಿ ಹೋದಳು. ಆ ತಿಂಗಳ ಹಾಳೆಯಲ್ಲಿ ಸುದ್ದಿಯ ಬದಿಯಲ್ಲಿ ಅವಳ ಹೆಸರು ಬರೆದೆ.

ಕ್ರಿಸ್ಮಸ್ ಹೊತ್ತಿಗೆ ಇಗರ್ಜಿಯ ಹೆಂಗಸರು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡಿ ಮಾರಿದರು. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್. ಹದಿನೈದು ದಿನ ಸಭಾಭವನದ ಹಿಂದೆ ಎಣ್ಣೆ ಕಾಯುತ್ತಿತ್ತು. ನೆವ್ರಿಯ ಅಂಚು ಮಡಚಲು ನಾನೂ ಕುಳಿತೆ, ನನ್ನದು ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. 1,18,000 ಉಳಿಯಿತು. ಜನವರಿಯಲ್ಲಿ ಹೌಸಿ ಹೌಸಿ (ತಂಬೋಲಾ) ಆಟದ ರಾತ್ರಿ, ಅದರಿಂದ ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ.

ಫೆಬ್ರವರಿಯಲ್ಲಿ ಮಾಡು ಇಳಿಸಿದೆವು. ಭಾನುವಾರಗಳಲ್ಲಿ ಹಳೆ ವಿದ್ಯಾರ್ಥಿಗಳ ಶ್ರಮದಾನ: ಹಂಚನ್ನು ಕೈಯಿಂದ ಕೈಗೆ ದಾಟಿಸಿ, ಪಾಚಿ ಉಜ್ಜಿ, ತಟ್ಟಿ ನೋಡಿ ಜೋಡಿಸುವುದು. ಗಟ್ಟಿ ಹಂಚು ಗಂಟೆಯ ಹಾಗೆ ಕೇಳುತ್ತದೆ, ಬಿರುಕು ಬಿಟ್ಟದ್ದು ಮಂಕು. ಹಿಂಬದಿ ತಿರುಗಿಸಿದರೆ ಕಾರ್ಖಾನೆಯ ಹೆಸರುಗಳು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಆ ಹೆಸರು ಮತ್ತು ಇಸವಿ ಒತ್ತಿದ ಹಂಚುಗಳೂ ನಮ್ಮ ಮಾಡಿನಲ್ಲಿದ್ದವು. ಪ್ರೊಟೆಸ್ಟಂಟರ ಹಂಚು, ಕಥೋಲಿಕರ ಶಾಲೆ, ಉಜ್ಜುತ್ತಿದ್ದವರಲ್ಲಿ ಎಲ್ಲ ಜಾತಿಯವರು. ಈ ಜಿಲ್ಲೆಗೆ ಕಾರ್ಮೆಲ್ ಸಿಸ್ಟರ್‌ಗಳು ಬಂದ 1870, ಜೆಸುಯಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜು ತೆರೆದ 1880, ಇವು ನಗರದ ದೊಡ್ಡ ಶಾಲೆಗಳ ಚರಿತ್ರೆಯಲ್ಲಿ ಸಿಗುತ್ತವೆ. ನಮ್ಮ ಶಾಲೆಯ ಚರಿತ್ರೆ ಯಾರೂ ಬರೆದಿಲ್ಲ. ಅದು ಈ ಹಂಚುಗಳ ಬೆನ್ನ ಮೇಲೆ, ಆ ವಹಿಯಲ್ಲಿ ಇದ್ದಷ್ಟೇ. ವಹಿಯನ್ನು ಈಗ ಸಿಸ್ಟರ್ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೇವೆ.

ಮೇ ಕೊನೆಯ ವಾರ ಶಾಲೆ ತೆರೆಯುವ ಮುಂಚೆ ಆರೂ ಕೋಣೆಗಳ ಮೇಲೆ ಹಂಚು ಕುಳಿತಿತು. ಗಟ್ಟಿಯಿದ್ದ ಹಳೆಯ ಹಂಚುಗಳನ್ನೆಲ್ಲ ಎಂಟನೇ ಕ್ಲಾಸಿನ ಮೇಲೆ ಹಾಕಿಸಿದೆವು. ಜೂನ್ ಎರಡನೇ ವಾರದ ಜಡಿಮಳೆಯಲ್ಲಿ ನಾನು, ಸಿಸ್ಟರ್, ಕಂಟ್ರಾಕ್ಟುದಾರರು ಪ್ರತಿ ಕೋಣೆಯಲ್ಲೂ ಹತ್ತು ನಿಮಿಷ ತಲೆ ಎತ್ತಿ ನಿಂತೆವು. ಒಂಬತ್ತನೇ ತರಗತಿಯ ಮೂಲೆಯಲ್ಲಿ, ಎರಡು ಮಾಡು ಕೂಡುವ ಕಣಿವೆಯಲ್ಲಿ ಸೋರಿತು. ಮರುದಿನ ತಗಡು ಬಿಚ್ಚಿ ಅಗಲದ್ದು ಹಾಕಿದರು. ಮತ್ತೆ ಸೋರಿಲ್ಲ.

ಈ ತಿಂಗಳ ಹಾಳೆಯಲ್ಲಿ ಹೋಗಿರುವ ಲೆಕ್ಕ ಹೀಗಿದೆ: ಒಟ್ಟು ಖರ್ಚು 25,36,000. ಸಂಗ್ರಹ 23,91,350. ಬಾಕಿ 1,44,650, ಕಂಟ್ರಾಕ್ಟುದಾರರು ದೀಪಾವಳಿಯವರೆಗೆ ಕಾಯುತ್ತೇನೆ ಎಂದಿದ್ದಾರೆ, ಅವರ ಹೆಂಡತಿ ನಮ್ಮ ಶಾಲೆಯವರೇ. ಸುದ್ದಿಯ ಬದಿಯಲ್ಲಿ: ಎಂಟನೇ ತರಗತಿಗೆ ಈ ವರ್ಷ 51 ಮಕ್ಕಳು ಸೇರಿದ್ದಾರೆ, ಹೋದ ವರ್ಷ 38. ಹುಡುಗಿಯರ ಶೌಚಾಲಯಕ್ಕೆ ನಾಲ್ಕು ಕೋಣೆಯ ನಕ್ಷೆ ಆಗಿದೆ, ಅಂದಾಜು ಇನ್ನೂ ಬರಬೇಕು. ಮೊಂತಿ ಹಬ್ಬದ ಏಲಮ್ಮಿಗೆ ಹಿತ್ತಲಿನಲ್ಲಿ ಬೆಳೆದದ್ದನ್ನು ಹಿಂದಿನ ಸಂಜೆ ಐದರೊಳಗೆ ಸಭಾಭವನಕ್ಕೆ ತಲುಪಿಸಬೇಕು. ನಮ್ಮ ಮನೆಯಿಂದ ಅಮ್ಮ ಒಂದು ಕುಂಬಳಕಾಯಿ ತೆಗೆದಿಟ್ಟಿದ್ದಾರೆ.